ಮಜ್ಜಿಗೆ ಕೊಟ್ಟವಳು

ಸೂರ್ಯ ಮುಳುಗುವ ಮೊದಲೇ ಅಕ್ಕಯ್ಯಮ್ಮನ ಮನೆಯಲ್ಲಿ ಎಲ್ಲರ ಊಟವೂ ಮುಗಿದಿತ್ತು ಎಂದರೆ ಶಿಡ್ಲಘಟ್ಟದ ಆ ಬೀದಿಯವರಿಗೆ ಅಷ್ಟರಿಂದಲೇ ತಿಳಿಯಬೇಕು, ಇವತ್ತು ಏನೋ ವಿಶೇಷವಿದೆ ಎಂದು. ರೇಷ್ಮೆ ಹುಳುಮನೆಯ ತಟ್ಟೆಗಳಿಗೆ ಸಂಜೆಯ ಹಿಪ್ಪುನೇರಳೆ ಸೊಪ್ಪು ಹೊತ್ತಿಗೆ ಮುಂಚೆಯೇ ಬಿದ್ದಿತ್ತು. ಹಿರಿಯ ಮಗ ನರಸಿಂಹಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅವನ ಹೆಂಡತಿ ರಾಮಲಕ್ಷ್ಮಮ್ಮ ಹೂ ಮುಡಿದಿದ್ದಳು. ಅಕ್ಕಯ್ಯಮ್ಮ ಮದುವೆಮನೆಗಳಿಗೆಂದು ಎತ್ತಿಟ್ಟ ಸೀರೆ ಉಟ್ಟು ಜಗಲಿಯ ಮೇಲೆ ಕೂತು, ಹೊತ್ತಾಯಿತು ಬನ್ನಿ ಎಂದು ಒಳಗಿನವರನ್ನು ಮೂರು ಸಲ ಕೂಗಿದ್ದಳು.

ಹೊರಟಿದ್ದುದು ಊರಾಚೆಯ ಸಿನಿಮಾ ಟೆಂಟಿಗೆ. ನೋಡಬೇಕಾಗಿದ್ದುದು ಸಿನಿಮಾ ಅಲ್ಲ, ಅದಕ್ಕೆ ಮೊದಲು ಹತ್ತು ನಿಮಿಷ ತೋರಿಸುವ ಸರ್ಕಾರದ ಸಮಾಚಾರದ ರೀಲು. ಅದು ಅರವತ್ತೈದನೆಯ ಇಸವಿ. ಪಾಕಿಸ್ತಾನದ ಮೇಲಿನ ಯುದ್ಧ ನಿಂತು ಎರಡು ತಿಂಗಳಾಗಿತ್ತು. ರೀಲಿನಲ್ಲಿ ಆ ಯುದ್ಧ ಬರುತ್ತಿತ್ತು. ಯುದ್ಧದಲ್ಲಿ ತನ್ನ ಕಿರಿಯ ಮಗ ಚನ್ನಕೇಶವ ಬರುತ್ತಾನೆ ಎಂದು ಅಕ್ಕಯ್ಯಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಚನ್ನಕೇಶವ ಬಂದೂಕು ಹಿಡಿಯುವವನಲ್ಲ. ಹದಿನೆಂಟನೆಯ ವಯಸ್ಸಿಗೆ ಚಿಕ್ಕಬಳ್ಳಾಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಗಾಜು ಒರೆಸಲು ಸೇರಿ, ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ದಿಲ್ಲಿ ಎಂದು ದೂರ ದೂರ ಹೋಗಿ, ಕೊನೆಗೆ ಸರ್ಕಾರದ ಚಿತ್ರ ಇಲಾಖೆಯಲ್ಲಿ ಕ್ಯಾಮೆರಾ ಹಿಡಿಯುವ ಕೆಲಸಕ್ಕೆ ನಿಂತಿದ್ದ. ಸೈನ್ಯ ಹೋದ ಕಡೆ ಹೋಗುವುದು, ಅಲ್ಲಿ ಆದದ್ದನ್ನು ತೆಗೆದು ಡಬ್ಬಿಯಲ್ಲಿ ಮುಚ್ಚಿ ಬೊಂಬಾಯಿಗೆ ಕಳಿಸುವುದು ಅವನ ಉದ್ಯೋಗ. ಮಂಚೇನಹಳ್ಳಿಯ ಶ್ಯಾಮಲಳನ್ನು ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಹದಿನೈದು ದಿನದ ರಜೆಗೆ ಬರುತ್ತಿದ್ದ. ಮಿಕ್ಕ ದಿನಗಳಿಗೆ ಅವನ ಕಾಗದಗಳಿದ್ದವು. ಏಳನೆಯ ತರಗತಿ ಪಾಸು ಮಾಡಿದ್ದ ಶ್ಯಾಮಲ ಅವನ್ನು ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವಳು, ತನ್ನ ಪಾಲಿನ ನಾಲ್ಕು ಸಾಲು ಬಂದಾಗ ಮಾತ್ರ ಸ್ವರ ತಗ್ಗಿಸಿ ಕಣ್ಣಿನಲ್ಲೇ ಓದಿಕೊಳ್ಳುವಳು.

ಕಳೆದ ಕಾಗದದಲ್ಲಿ ಅವನು ತೆಗೆದ ಚಿತ್ರಗಳ ಪಟ್ಟಿಯಿತ್ತು. ಸುಟ್ಟುಹೋದ ಟ್ಯಾಂಕು, ಮುರಿದ ಸೇತುವೆ, ಗಾಯಾಳುಗಳ ಡೇರೆ, ಪಂಜಾಬಿನ ಹಳ್ಳಿಗಳಲ್ಲಿ ಸಿಪಾಯಿಗಳಿಗೆ ಮಜ್ಜಿಗೆ ಕೊಡುವ ಹೆಂಗಸರು. ನಿಮ್ಮ ಕಡೆ ಬಂದಾಗ ನೋಡಿ ಎಂದು ಬರೆದಿದ್ದ. ಕೊನೆಯಲ್ಲಿ ತಗ್ಗಿದ ಸ್ವರದ ನಾಲ್ಕು ಸಾಲುಗಳಿದ್ದವು: ದಿಲ್ಲಿಯಲ್ಲಿ ಮನೆ ಮಂಜೂರಾಗಿದೆ, ಸಂಕ್ರಾಂತಿಯ ಹೊತ್ತಿಗೆ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ಈ ಸುದ್ದಿ ಮನೆಯಲ್ಲಿ ಎಷ್ಟು ದಿನ ಮುಚ್ಚಿಟ್ಟರೆ ತಾನೇ ನಿಂತೀತು? ಅಕ್ಕಯ್ಯಮ್ಮ, ದಿಲ್ಲಿಯಲ್ಲಿ ಅಂಥ ಚಳಿಯಂತೆ, ಹಾಲು ಹೆಪ್ಪೇ ಆಗುವುದಿಲ್ಲವಂತೆ ಎಂದಳು. ರಾಮಲಕ್ಷ್ಮಮ್ಮ ಅಂದು ಶ್ಯಾಮಲಳ ತಟ್ಟೆಗೆ ಸಾರು ಬಡಿಸುವಾಗ ಕಾಳು ಬಿಟ್ಟು ನೀರನ್ನಷ್ಟೇ ಎತ್ತಿ ಹಾಕಿದಳು.

ಟೆಂಟಿನಲ್ಲಿ ಹೆಂಗಸರ ಕಡೆಯ ಬಾಗಿಲಲ್ಲಿ ವಜೀರುನ್ನೀಸಾ ಕೂತಿದ್ದಳು. ಮಿಷನ್ ಓಡಿಸುವ ಷರೀಫನ ತಾಯಿ ಅವಳು. ಮರಳ ಮೇಲೆ ಮುಂದಿನ ಸಾಲಿನಲ್ಲೇ ಜಾಗ ಬಿಡಿಸಿಕೊಟ್ಟಳು. ಬಿಳಿ ಪರದೆಯ ಮೇಲೆ ಬೆಳಕು ಬಿತ್ತು. ಮಂತ್ರಿಗಳು ಹಾರ ಹಾಕಿಸಿಕೊಂಡರು. ಟ್ಯಾಂಕು ಬಂತು, ಸೇತುವೆ ಬಂತು, ಗಾಯಾಳುಗಳು ಬಂದರು. ಅಕ್ಕಯ್ಯಮ್ಮ ಒಂದೊಂದು ಮುಖ ಬಂದಾಗಲೂ ಕುತ್ತಿಗೆ ಮುಂದೆ ಚಾಚಿ ನೋಡಿದಳು.

ಆಮೇಲೆ ಆ ಹೆಂಗಸು ಬಂದಳು.

ಎತ್ತರದ ಹೆಂಗಸು. ತಲೆಯ ಮೇಲೆ ಸೆರಗಿನಂಥ ಬಟ್ಟೆ, ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈ. ದೊಡ್ಡ ಹಿತ್ತಾಳೆ ಕೊಡವನ್ನು ಎತ್ತಿ ಒಬ್ಬ ಸಿಪಾಯಿಯ ಬೊಗಸೆಗೆ ಮಜ್ಜಿಗೆ ಬಗ್ಗಿಸಿ, ನೇರವಾಗಿ ಈ ಕಡೆ ತಿರುಗಿ ನಕ್ಕು, ಬಟ್ಟೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಮತ್ತೆ ಕೊಡ ಎತ್ತಿದಳು, ಮತ್ತೆ ನಕ್ಕಳು, ಮತ್ತೆ ಬಾಯಿ ಮುಚ್ಚಿಕೊಂಡಳು. ರೀಲಿನಲ್ಲಿ ಸಮಾಚಾರ ಹೇಳುವವನು ಇಲ್ಲಿ ಏನೂ ಹೇಳಲಿಲ್ಲ. ಬರೀ ವಾದ್ಯ ನುಡಿಯುತ್ತಿತ್ತು.

ಟೆಂಟಿನಲ್ಲಿದ್ದ ಇನ್ನೂರು ಜನ ಮಜ್ಜಿಗೆ ಕೊಡುವ ಹೆಂಗಸನ್ನು ನೋಡಿದರು. ಶ್ಯಾಮಲ ಒಬ್ಬಳು, ತನ್ನ ಗಂಡ ಆ ಹೆಂಗಸನ್ನು ನೋಡುತ್ತಿರುವುದನ್ನು ನೋಡಿದಳು.

ರೀಲು ಮುಗಿದಾಗ ಅಕ್ಕಯ್ಯಮ್ಮ ಎದ್ದು ನಿಂತಿದ್ದಳು.

"ಎಲ್ಲಿ ನಮ್ ಕೇಶವ? ಬರ್ಲೇ ಇಲ್ಲ."

"ಅತ್ತೆ, ಅವರು ತೆಗೆಯೋರು. ಅವರು ಕಾಣಲ್ಲ, ಅವರಿಗೆ ಕಂಡಿದ್ದು ನಮಗೆ ಕಾಣುತ್ತೆ," ಎಂದಳು ಶ್ಯಾಮಲ.

"ಮದುವೇಲಿ ಫೋಟೋ ತೆಗೆಯೋನೂ ಕಾಣಲ್ಲ," ಎಂದು ರಾಮಲಕ್ಷ್ಮಮ್ಮ ಹೂವು ಸರಿಮಾಡಿಕೊಂಡಳು. "ಹಾಗಂತ ಅವರಮ್ಮ ಮದುವೆ ಸೀರೆ ಉಟ್ಕೊಂಡು ಬರಲ್ಲ."

ಅಕ್ಕಯ್ಯಮ್ಮ ಮುಖ್ಯ ಸಿನಿಮಾ ನೋಡದೆ ಮನೆಗೆ ನಡೆದಳು. ದಾರಿಯುದ್ದಕ್ಕೂ ತನ್ನ ಮಗನನ್ನು ಬಿಟ್ಟು ಮಿಕ್ಕವರನ್ನೆಲ್ಲ ತೋರಿಸಿದ ಸರ್ಕಾರವನ್ನು ತೆಲುಗಿನಲ್ಲಿ ಬೈದಳು. ಅವಳಿಗೆ ಸಿಟ್ಟು ಬಂದರೆ ತವರಿನ ತೆಲುಗೇ ಬರುವುದು.

ಮಾರನೆಯ ಸಂಜೆ ಶ್ಯಾಮಲ ಗುಡಿಗೆ ಹೋಗಿ ಬರುತ್ತೇನೆಂದು ಎಣ್ಣೆಯ ಗಿಂಡಿ ಹಿಡಿದು ಹೊರಟಳು. ಗುಡಿಯಲ್ಲಿ ಎಣ್ಣೆ ಹಾಕಿದ್ದೂ ನಿಜ. ಅಲ್ಲಿಂದ ಕಾಲು ಟೆಂಟಿನ ಕಡೆ ತಿರುಗಿತು. ನಾಲ್ಕಾಣೆ ಟಿಕೆಟ್ಟು ತೆಗೆದು, ರೀಲು ನೋಡಿ, ಸಿನಿಮಾ ಶುರುವಾಗುವ ಮೊದಲೇ ಎದ್ದು ಬಂದಳು. ಅಂದು ಅವಳು ಎಣಿಸಿದಳು. ಟ್ಯಾಂಕು ನಾಲ್ಕು ಎಣಿಸುವಷ್ಟು ಹೊತ್ತು ಇತ್ತು. ಸೇತುವೆ ಐದು. ಗಾಯಾಳುಗಳಲ್ಲಿ ಒಬ್ಬೊಬ್ಬನಿಗೂ ಮೂರಕ್ಕಿಂತ ಹೆಚ್ಚು ಇರಲಿಲ್ಲ. ಆ ಹೆಂಗಸಿಗೆ ಹದಿನೆಂಟು.

ತಪ್ಪಿ ಎಣಿಸಿರಬೇಕೆಂದು ಮೂರನೆಯ ದಿನವೂ ಹೋದಳು. ಹದಿನೆಂಟೇ. ನಾಲ್ಕನೆಯ ದಿನ ವಜೀರುನ್ನೀಸಾ ಟಿಕೆಟ್ಟಿನ ಕಾಸು ವಾಪಸು ಕೊಟ್ಟು, ಪೂರ್ತಿ ಸಿನಿಮಾ ನೋಡದವಳ ಹತ್ತಿರ ಕಾಸು ಹೇಗಮ್ಮ ತಗೊಳ್ಳಲಿ, ಬಾಗಿಲ ಹತ್ತಿರ ನಿಂತು ನೋಡಿ ಹೋಗು ಎಂದಳು. ಗಂಡನ ನೆನಪು ಕಾಡುತ್ತಿದೆ ಈ ಹುಡುಗಿಯನ್ನು ಎಂದುಕೊಂಡಿದ್ದಳು ಆ ತಾಯಿ. ಶ್ಯಾಮಲ ತಿದ್ದಲು ಹೋಗಲಿಲ್ಲ.

ಹೀಗೆ ಹನ್ನೊಂದು ದಿನ. ಹನ್ನೊಂದು ದಿನವೂ ಆ ಹೆಂಗಸು ಕೊಡ ಎತ್ತಿದಳು, ನಕ್ಕಳು. ಶ್ಯಾಮಲಳಿಗೆ ಅವಳ ಬಲಗೆನ್ನೆಯ ಮಚ್ಚೆ ಗೊತ್ತಾಯಿತು, ಬಳೆಗಳು ಎಷ್ಟೆಂದು ಗೊತ್ತಾಯಿತು. ಮನೆಯಲ್ಲಿ ಸೊಪ್ಪು ಹೆಚ್ಚುವಾಗ ಕೈ ತಾನಾಗಿಯೇ ನಿಂತುಬಿಡುತ್ತಿತ್ತು. ಸೊಪ್ಪು ಒಂದು ಹದಕ್ಕೆ ಇರಲಿಲ್ಲವೆಂದು ನರಸಿಂಹಪ್ಪ ಗೊಣಗಿದ. ಮುದ್ದೆ ಗಂಟಾಯಿತು ಎಂದು ಅಕ್ಕಯ್ಯಮ್ಮ ಅಂದಳು. ಒಂದು ಬೆಳಗ್ಗೆ ಶ್ಯಾಮಲ ರೊಟ್ಟಿ ತಟ್ಟುತ್ತಿದ್ದವಳು ತನ್ನ ಮೊಣಕೈಗೆ ಮೆತ್ತಿದ ಹಿಟ್ಟನ್ನು ನೋಡಿ, ಎದ್ದು ಹೋಗಿ ಚರ್ಮ ಕೆಂಪಾಗುವಂತೆ ಉಜ್ಜಿ ತೊಳೆದುಕೊಂಡು ಬಂದಳು.

ಆ ವಾರವೇ ಅವಳು ಗಂಡನಿಗೆ ಕಾಗದ ಬರೆದದ್ದು. ಹುಳುಮನೆಯಲ್ಲಿ ಕೆಲಸ ಬಹಳ, ಅತ್ತೆಗೆ ಕೈಲಾಗುವುದಿಲ್ಲ, ನನಗೆ ದಿಲ್ಲಿಗೆ ಬರಲು ಮನಸ್ಸಿಲ್ಲ, ಮನೆ ಬೇರೆ ಯಾರಿಗಾದರೂ ಆಗಲಿ. ಕಾರಣವೊಂದನ್ನು ಬಿಟ್ಟು ಎಲ್ಲ ಬರೆದಳು. ಅಂಚೆಗೆ ಹಾಕಿ ಬಂದು ಅತ್ತೆಗೆ ಹೇಳಿದಳು.

ಅಕ್ಕಯ್ಯಮ್ಮನ ಸಂತೋಷ ಅಡುಗೆಮನೆಯಲ್ಲಿ ಕಾಣಿಸಿತು. ಅಂದು ಶ್ಯಾಮಲಳ ಮುದ್ದೆಗೆ ತುಪ್ಪ ಬಿತ್ತು, ಗಂಡಸರಿಗಿಂತ ಮೊದಲು. ನನ್ನ ಸೊಸೆ ಊರು ಬಿಟ್ಟು ಹೋಗುವವಳಲ್ಲ ಎಂದು ಬೀದಿಯಲ್ಲೆಲ್ಲ ಮಾತಾಯಿತು. ಇಷ್ಟು ದಿನ ದಿಲ್ಲಿಯ ಹೆಸರಿಗೆ ಕರುಬುತ್ತಿದ್ದ ರಾಮಲಕ್ಷ್ಮಮ್ಮನಿಗೆ ಈಗ ತುಪ್ಪ ನೋಡಿ ಕರುಬುವ ಹಾಗಾಯಿತು. ನಾನು ಹತ್ತು ವರ್ಷದಿಂದ ಇಲ್ಲೇ ಇದ್ದೀನಿ, ನನಗೆ ಯಾರು ತುಪ್ಪ ಹಾಕಿದರು ಎಂದು ಗಂಡನ ಹತ್ತಿರ ಅಂದಳು. ಅಷ್ಟಕ್ಕೇ ಸುಮ್ಮನೆ ಕೂರಲಿಲ್ಲ. ಗುಡಿಗೆ ಹೋದ ಓರಗಿತ್ತಿ ಇಷ್ಟು ಹೊತ್ತು ಏನು ಮಾಡುತ್ತಾಳೆ ಎಂದು ನೋಡಲು ಒಂದು ಸಂಜೆ ಹಿಂದೆಯೇ ಹೋದಳು.

ಅಷ್ಟರಲ್ಲಿ ಹುಳುಗಳು ನಾಲ್ಕನೆಯ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ದಾಟಿ ಎದ್ದಿದ್ದವು. ಅದಾದ ಎಂಟು ದಿನ ಹುಳು ತಿಂದದ್ದೇ ತಿಂದದ್ದು. ಮಳೆ ಬಂದಂತೆ ಸದ್ದು ಮಾಡುತ್ತ ತಿನ್ನುತ್ತವೆ. ಆಗ ಹುಳುಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಒಗ್ಗರಣೆಯ ಘಾಟು ಬರದಂತೆ ಅಡುಗೆಮನೆಯ ಬಾಗಿಲು ಹಾಕುತ್ತಾರೆ. ಹೊಗೆಸೊಪ್ಪು ಮುಟ್ಟಿದ ಕೈಯಂತೂ ಸೊಪ್ಪಿನ ಹತ್ತಿರ ಸುಳಿಯಬಾರದು. ಒಂದು ಬೆಳಗ್ಗೆ ಶ್ಯಾಮಲ ಸೊಪ್ಪು ಹಾಕಿದ್ದ ನಾಲ್ಕು ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ತೂಗಾಡುತ್ತ ಹಸಿರು ನೀರು ಕಾರಿಕೊಂಡವು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ತಟ್ಟೆ ತಿಪ್ಪೆಗೆ ಹೋದವು.

ನರಸಿಂಹಪ್ಪ ತಲೆಗೆ ಸುತ್ತಿದ ಟವಲು ಬಿಚ್ಚಿ ಜಗಲಿಯ ಮೇಲೆ ಎಸೆದ. ಹೊಗೆಸೊಪ್ಪಿನ ವಿಷ ಇದು ಎಂದ. ಈ ಮನೆಯಲ್ಲಿ ಬೀಡಿ ಸೇದುವವರು ಯಾರೂ ಇಲ್ಲವಲ್ಲ ಎಂದಳು ಅಕ್ಕಯ್ಯಮ್ಮ.

"ಸೇದೋರ ಮಧ್ಯೆ ಹೋಗಿ ನಿಲ್ಲೋರು ಇದ್ದಾರಲ್ಲ," ಎಂದಳು ರಾಮಲಕ್ಷ್ಮಮ್ಮ. "ಟೆಂಟಲ್ಲಿ ನೂರು ಜನ ಬೀಡಿ ಸೇದ್ತಾರೆ. ಅದೇ ಸೀರೇಲಿ ಬಂದು ಸೊಪ್ಪು ಹಾಕೋದು. ಗುಡಿ ಅಂತೆ, ಎಣ್ಣೆ ಅಂತೆ."

ಅಕ್ಕಯ್ಯಮ್ಮ ಶ್ಯಾಮಲಳ ಸೆರಗು ಹಿಡಿದು ಮೂಗಿಗೆ ತಂದುಕೊಂಡು ಮೂಸಿದಳು. ಆಮೇಲೆ ಸೆರಗನ್ನು ಬಿಟ್ಟ ರೀತಿಯಲ್ಲೇ ಎಲ್ಲ ಇತ್ತು.

"ನಿಜ ಹೇಳಮ್ಮ. ದಿನಾ ಹೋಗ್ತಿದ್ಯಾ?"

"ಹೋಗ್ತಿದ್ದೆ ಅತ್ತೆ."

"ಏನು ನೋಡೋಕೆ?"

ಶ್ಯಾಮಲ ಹೇಳಲಿಲ್ಲ. ಹೇಳಿದರೆ ರಾಮಲಕ್ಷ್ಮಮ್ಮ ಸಾಯುವವರೆಗೂ ಅದನ್ನೇ ಆಡಿಕೊಳ್ಳುವಳು. ಹೇಳದಿದ್ದದ್ದಕ್ಕೆ ಬೇರೆ ಅರ್ಥ ಹುಟ್ಟಿತು. ಅವತ್ತಿನಿಂದ ಅವಳಿಗೆ ಹುಳುಮನೆ ಹೊಸಿಲು ದಾಟುವುದು ಬೇಡವೆಂದಾಯಿತು. ಪಾತ್ರೆ, ಬಟ್ಟೆ, ಒಲೆ ಅವಳ ಪಾಲಿಗೆ. ತುಪ್ಪದ ಗಿಂಡಿ ಮೇಲಿನ ಗೂಡಿಗೆ ಏರಿತು. ಉಳಿದ ಹುಳುಗಳು ಹಣ್ಣಾಗಿ ಚಂದ್ರಿಕೆಯ ಬಿದಿರು ಸುರುಳಿಗಳ ಮೇಲೆ ಗೂಡು ಕಟ್ಟಿದವು. ಬುಟ್ಟಿ ತುಂಬಿ ಮಾರುಕಟ್ಟೆಗೆ ಹೋದಾಗಲೂ ಶ್ಯಾಮಲಳನ್ನು ಒಂದು ಗೂಡು ಬಿಡಿಸಲು ಕರೆಯಲಿಲ್ಲ. ಟೆಂಟಿನ ಪರವಾನಗಿ ಮುಗಿದು, ಅದು ಕಂಬ, ಬಟ್ಟೆ, ಮಿಷನ್ ಸಮೇತ ಗಾಡಿ ಏರಿ ಚಿಂತಾಮಣಿಗೆ ಹೋಯಿತು.

ಸಂಕ್ರಾಂತಿಗೆ ಎರಡು ದಿನ ಇರುವಾಗ ಚನ್ನಕೇಶವ ಬಂದ. ಕಪ್ಪಾಗಿದ್ದ. ಬಲಗಡೆ ಭುಜ ಎಡಗಡೆಗಿಂತ ತಗ್ಗಿತ್ತು. ಕ್ಯಾಮೆರಾ ಹೊತ್ತು ಹೊತ್ತು ಹೀಗಾಗಿದೆ ಎಂದು ನಕ್ಕ. ಅಕ್ಕಯ್ಯಮ್ಮ ಅವನ ಭುಜಕ್ಕೆ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಅವರೆಕಾಳಿನ ಹಿದುಕುಬೇಳೆ ಸಾರು ಮಾಡಿಸಿ ಎದುರಿಗೆ ಕೂತು ಬಡಿಸಿದಳು. ಅಲ್ಲಿ ಏನು ಮಾಡುತ್ತೀಯ ಹೇಳಪ್ಪ ಎಂದಳು.

ಅವನು ತಿನ್ನುತ್ತ ತಿನ್ನುತ್ತ ಹೇಳಿದ. ನಡೆಯುವ ಸೈನ್ಯದ ಮುಖ ಬೇಕಾದರೆ ಅವರ ಮುಂದೆ ತಾನು ಹಿಂದೆ ಹಿಂದಕ್ಕೆ ನಡೆಯಬೇಕು. ಹಿಂದೆ ಹಳ್ಳವಿದೆಯೋ ಗುಂಡಿಯಿದೆಯೋ ಬಿದ್ದ ಮೇಲೆ ಗೊತ್ತು. ಧೂಳು ಕ್ಯಾಮೆರಾದ ಹೊಟ್ಟೆಗೆ ಹೋದರೆ ಚಿತ್ರದ ಮೇಲೆಲ್ಲ ಗೀರು ಬರುತ್ತದೆ, ಅದಕ್ಕೇ ಹಲ್ಲುಜ್ಜುವ ಬ್ರಷ್ಷು ಜೇಬಿನಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಉಜ್ಜುತ್ತಾನೆ. ಸ್ಪ್ರಿಂಗು ತಿರುಗಿಸಿ ಬಿಟ್ಟರೆ ಅರ್ಧ ನಿಮಿಷವೂ ಓಡುವುದಿಲ್ಲ, ಮತ್ತೆ ತಿರುಗಿಸಬೇಕು.

"ಗುಂಡು ಬಿದ್ದಾಗ?" ಎಂದ ನರಸಿಂಹಪ್ಪ.

"ಎಲ್ರೂ ಮಲಗ್ತಾರೆ ಅಣ್ಣ. ಎಲ್ರೂ ಮಲಗಿದಾಗಲೇ ನಾನು ಏಳಬೇಕು. ಇಲ್ದಿದ್ರೆ ಏನೂ ಸಿಗಲ್ಲ."

ಅಕ್ಕಯ್ಯಮ್ಮನ ಕೈಯ ಸೌಟು ಸಾರಿನ ಮೇಲೆ ನಿಂತಿತು.

ಮಾರನೆಯ ದಿನ ಅಣ್ಣತಮ್ಮಂದಿರು ತೋಟಕ್ಕೆ ಹೋಗಿ ಬಂದರು. ಬಂದ ಚನ್ನಕೇಶವನ ಮುಖ ಬೇರೆಯಾಗಿತ್ತು. ಹಿತ್ತಲಲ್ಲಿ ಎಳ್ಳು ಕೇರುತ್ತಿದ್ದ ಶ್ಯಾಮಲಳ ಎದುರಿಗೆ ನಿಂತುಕೊಂಡ. ಮೂರು ತಿಂಗಳಿಂದ ಬರೆದ ಕಾಗದಗಳಲ್ಲಿ ಒಂದಕ್ಕೂ ಇಂಥ ಸ್ವರ ಇರಲಿಲ್ಲ.

"ಬರಲ್ಲ ಅಂತ ಬರೆದೆ. ಸರಿ ಅಂತ ಮನೆ ವಾಪಸು ಕೊಟ್ಟೆ. ಬೇರೆಯವರು ಸೇರ್ಕೊಂಡಾಯ್ತು. ಅತ್ತೆಗೆ ಕೈಲಾಗಲ್ಲ ಅಂತ ನೀನು ಬರೆದಿದ್ದೆ, ನಾನು ನಂಬಿದ್ದೆ. ಅಣ್ಣ ಬೇರೆ ಹೇಳ್ತಾನೆ. ದಿನಾ ಟೆಂಟಿಗೆ ಹೋಗ್ತಿದ್ಯಂತೆ, ಒಬ್ಬಳೇ. ಯಾರನ್ನ ನೋಡೋಕೆ?"

ಮೊರ ಕೆಳಗಿಟ್ಟಳು. ಮನೆ ಹೋಯಿತು ಎಂಬ ಮಾತು ಈಗಷ್ಟೇ ಅವಳಿಗೆ ತಿಳಿದದ್ದು.

"ನೀವು ಯಾರನ್ನ ನೋಡ್ತೀರಿ ಅಂತ ನೋಡೋಕೆ."

ಚನ್ನಕೇಶವನಿಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಕೊಡ, ಹಿಟ್ಟು, ನಗು, ಹದಿನೆಂಟು, ಎಲ್ಲವನ್ನೂ ತಲೆ ಎತ್ತಿಯೇ ಹೇಳಿದಳು. ಟ್ಯಾಂಕಿಗೆ ನಾಲ್ಕು ಎಂಬುದನ್ನೂ ಬಿಡಲಿಲ್ಲ. ಅವನು, ನಾನು ತೆಗೆದದ್ದನ್ನು ನಾನೇ ನೋಡಿಲ್ಲವಲ್ಲೇ ಎಂದ. ಡಬ್ಬಿ ಬೊಂಬಾಯಿಗೆ ಹೋಗುತ್ತದೆ, ಅಲ್ಲಿ ಯಾರೋ ಕತ್ತರಿಸಿ ಜೋಡಿಸುತ್ತಾರೆ, ರೀಲಾಗಿ ಊರೂರು ಸುತ್ತುತ್ತದೆ. ಅದು ಬಂದಾಗ ತಾನು ಇನ್ನೆಲ್ಲೋ ಇರುತ್ತೇನೆ. ಹದಿನೆಂಟು ಎಣಿಸುವಷ್ಟು ಯಾರನ್ನೂ ಬಿಡುವುದಿಲ್ಲ ಬೊಂಬಾಯಿಯವರು, ಮಂತ್ರಿಗಳನ್ನೂ ಬಿಡುವುದಿಲ್ಲ ಎಂದ.

"ನಾನು ಸುಳ್ಳು ಹೇಳ್ತೀನಾ?"

"ಹೇಳಲ್ಲ. ತೋರ್ಸು."

ಹಬ್ಬದ ಮಾರನೆಯ ದಿನ, ಚಿಂತಾಮಣಿಯಲ್ಲಿರುವ ಚಿಕ್ಕಮ್ಮ ಮುನಿಗಂಗಮ್ಮನಿಗೆ ಎಳ್ಳುಬೆಲ್ಲ ಕೊಟ್ಟು ಬರುತ್ತೇವೆಂದು ಇಬ್ಬರೂ ಚಿಕ್ಕ ರೈಲು ಹತ್ತಿದರು. ರೈಲಿನಲ್ಲಿ ಅವನು ಒಂದು ಕಿಟಕಿ, ಅವಳು ಒಂದು ಕಿಟಕಿ. ಚಿಕ್ಕಮ್ಮನ ಮನೆಯಲ್ಲಿ ಊಟ ಮಾಡಿ, ಕತ್ತಲಾಗುವ ಹೊತ್ತಿಗೆ ಟೆಂಟಿನ ಹತ್ತಿರ ಬಂದರು. ವಜೀರುನ್ನೀಸಾ ಶ್ಯಾಮಲಳನ್ನು ಕಂಡು, ಹಿಂದೆ ಬಂದವನನ್ನೂ ಕಂಡು, ಕೊನೆಗೂ ಬಂದನಲ್ಲ ಬೇಟಿ ನಿನ್ನ ಗಂಡ ಎಂದು ಗಲ್ಲ ಸವರಿದಳು. ಆ ಯುದ್ಧದ ರೀಲು ಇನ್ನೂ ಇದೆಯೇ ಎಂದು ಕೇಳಿದ್ದಕ್ಕೆ, ಹೊಸದು ಬರುವವರೆಗೆ ಅದನ್ನೇ ಓಡಿಸುತ್ತಿದ್ದೇವೆ, ನಿನಗೆ ಇನ್ನೂ ಸಾಕಾಗಲಿಲ್ಲವೇ ಎಂದಳು.

ಅವನು ಗಂಡಸರ ಕಡೆ ಕೂತ, ಅವಳು ಹೆಂಗಸರ ಕಡೆ. ನಡುವೆ ಮೊಣಕಾಲೆತ್ತರದ ತಟ್ಟಿ. ಬೆಳಕು ಬಿದ್ದಾಗ ಶ್ಯಾಮಲ ಪರದೆಯನ್ನು ನೋಡಲಿಲ್ಲ, ತಟ್ಟಿಯಾಚೆಯ ಗಂಡನ ಮುಖವನ್ನು ನೋಡಿದಳು. ಟ್ಯಾಂಕು ಬಂದಾಗ ಅವನ ಬಲಗೈ ತಾನಾಗಿ ಏನನ್ನೋ ತಿರುಗಿಸಿದಂತಾಯಿತು. ಗಾಯಾಳುಗಳು ಬಂದಾಗ ಅವನು ಮುಂದಕ್ಕೆ ಬಾಗಿ ಯಾರನ್ನೋ ಹುಡುಕಿದ. ಹುಡುಕುತ್ತಿದ್ದ ಮುಖ ಬರಲಿಲ್ಲವೇನೋ, ಹಿಂದಕ್ಕೆ ಸರಿದ. ವಾದ್ಯ ಶುರುವಾಯಿತು. ಶ್ಯಾಮಲ ಮನಸ್ಸಿನಲ್ಲೇ ಎಣಿಸಿದಳು. ಹತ್ತಕ್ಕೆ ಬರುವಷ್ಟರಲ್ಲಿ ಚನ್ನಕೇಶವ ಬಾಯಿ ಬಿಟ್ಟು ನಕ್ಕುಬಿಟ್ಟ. ಅಕ್ಕಪಕ್ಕದವರು ತಿರುಗಿ ನೋಡಿದರು.

ಸಿನಿಮಾ ಶುರುವಾಗುವ ಮೊದಲೇ ಇಬ್ಬರೂ ಹೊರಗೆ ಬಂದರು. ಅವನು ನೇರವಾಗಿ ಮಿಷನ್ ಕೋಣೆಯ ಬಾಗಿಲಿಗೆ ಹೋಗಿ ಷರೀಫನನ್ನು ಕೂಗಿದ. ಷರೀಫ್ ಎಣ್ಣೆಗೈ ಒರೆಸಿಕೊಳ್ಳುತ್ತ ಬಂದ.

"ಆ ಮಜ್ಜಿಗೆ ಹೆಂಗಸನ್ನ ಎರಡು ಸಲ ಅಂಟಿಸಿದ್ದು ಯಾರಪ್ಪ?"

ಷರೀಫನ ಮುಖ ಸಣ್ಣದಾಯಿತು. ಅವನು ಸರ್ಕಾರದವನೇ ತನಿಖೆಗೆ ಬಂದ ಎಂದುಕೊಂಡಿರಬೇಕು. ಮೆಲ್ಲಗೆ ಹೇಳಿದ. ರೀಲು ಕೈಗೆ ಬಂದಾಗಲೇ ಅಂಚಿನ ತೂತುಗಳು ಹರಿದು, ಈ ಹೆಂಗಸು ಬಂದುಹೋದ ಮೇಲಿನ ಒಂದಿಷ್ಟುದ್ದ ಜಾಗ ಓಡಿಸಲು ಬರುತ್ತಿರಲಿಲ್ಲ. ಕತ್ತರಿಸಿ ಹಾಗೇ ಸೇರಿಸಿದರೆ ಚಿತ್ರ ಎಗರುತ್ತದೆ, ಜನ ಕೂಗುತ್ತಾರೆ. ಗೌರಿಬಿದನೂರಿನ ಟೆಂಟಿನಲ್ಲಿ ಇದೇ ರೀಲಿನ ಇನ್ನೊಂದು ಪ್ರತಿ ಮಿಷನ್ನಿಗೆ ಸಿಕ್ಕಿ ಚಿಂದಿಯಾಗಿತ್ತು. ಆ ಚಿಂದಿಯಲ್ಲಿ ಚೆನ್ನಾಗಿದ್ದುದು ಈ ಹೆಂಗಸಿನ ತುಂಡೊಂದೇ. ಅದನ್ನೇ ತಂದು ಹರಿದ ಜಾಗಕ್ಕೆ ತೇಪೆ ಹಾಕಿದ್ದ.

"ಅಲ್ಲಿ ಮಾತಿಲ್ಲ ಸಾರ್, ಬರೀ ಬ್ಯಾಂಡು. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಇಷ್ಟು ದಿನಕ್ಕೆ ಒಬ್ರೂ ಕೇಳಿಲ್ಲ."

"ಹಿಂದುಗಡೆ ಒಂದು ಮೇಕೆ ಹೋಗುತ್ತೆ," ಎಂದು ಚನ್ನಕೇಶವ ಹೆಂಡತಿಯ ಕಡೆ ತಿರುಗಿದ. "ಎಡಗಡೆಯಿಂದ ಬಲಗಡೆಗೆ. ಆಮೇಲೆ ಅದೇ ಮೇಕೆ ಮತ್ತೆ ಎಡಗಡೆಯಿಂದಲೇ ಬರುತ್ತೆ. ನೀನು ನೋಡ್ಲಿಲ್ವಾ?"

ಹನ್ನೆರಡು ಸಲ ಆ ರೀಲು ನೋಡಿದ್ದ ಶ್ಯಾಮಲ ಒಂದು ಸಲವೂ ಮೇಕೆಯನ್ನು ನೋಡಿರಲಿಲ್ಲ.

ಟೆಂಟಿನ ಮುಂದೆ ಕಡಲೆಕಾಯಿಯವಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವನು ಎರಡು ಪಾವು ಕೊಂಡು, ಮುನಿಗಂಗಮ್ಮನ ಮನೆಯ ದಾರಿಯಲ್ಲಿದ್ದ ಕಲ್ಲುಬೆಂಚಿನ ಮೇಲೆ ಕೂತ. ಅವಳು ಸ್ವಲ್ಪ ದೂರ ಬಿಟ್ಟು ಕೂತಳು. ಅವನಿಗೆ ಇನ್ನೂ ನಗು. ಒಂದು ತೇಪೆಯ ದೆಸೆಯಿಂದ ದಿಲ್ಲಿಯ ಮನೆ ಹೋಯಿತು, ನಾಲ್ಕು ತಟ್ಟೆ ಹುಳು ಹೋಯಿತು, ಅಣ್ಣನ ಮುಂದೆ ತನ್ನ ಮಾನ ಹೋಯಿತು ಎಂದು ಲೆಕ್ಕ ಹೇಳಿ ಹೇಳಿ ನಕ್ಕ. ಹೆಂಡತಿ ತನಗಾಗಿ ಇಷ್ಟು ಉರಿದಳಲ್ಲ ಎಂದು ಒಳಗೊಳಗೇ ಹಿಗ್ಗಿದ್ದ ಎಂಬುದು ಅವನು ಕಡಲೆಕಾಯಿ ಒಡೆಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಹದಿನೆಂಟರಲ್ಲಿ ಒಂಬತ್ತು ಷರೀಫಂದು," ಎಂದಳು ಶ್ಯಾಮಲ. "ಉಳಿದ ಒಂಬತ್ತು?"

"ಬೊಂಬಾಯಿಯೋರು..."

"ನೀವು ತೆಗೆದದ್ದನ್ನೇ ತಾನೇ ಅವರು ಕತ್ತರಿಸೋದು."

ನಗು ನಿಂತಿತು. ಅವನು ಒಡೆದ ಕಡಲೆಕಾಯಿಯನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡ.

"ನೋಡ್ದೆ," ಎಂದ. "ಸುಳ್ಳು ಹೇಳಲ್ಲ ನಿನಗೆ. ಇಪ್ಪತ್ತು ದಿನ ಬರೀ ಗಂಡಸರ ಮುಖ. ಅದರಲ್ಲಿ ಬೆಳಗ್ಗೆ ತೆಗೆದ ಮುಖ ಸಂಜೆಗೆ ಇರ್ತಿರ್ಲಿಲ್ಲ. ಇವತ್ತು ರೀಲಲ್ಲಿ ಗಾಯಾಳುಗಳ ಡೇರೆ ಬಂದಾಗ ಒಬ್ಬ ಕಾಣ್ತಾನೆ ಅಂತ ಕಾದೆ, ಕಾಗದ ಬರೆಸ್ಕೊಂಡಿದ್ದ ನನ್ನ ಹತ್ರ; ಅವನನ್ನ ಬೊಂಬಾಯಿಯೋರು ತೆಗೆದುಹಾಕಿದ್ದಾರೆ. ಅವಳು ನಕ್ಕಳು. ಸ್ಪ್ರಿಂಗು ಮುಗಿಯೋವರೆಗೂ ನೋಡ್ದೆ. ಅಷ್ಟೇ. ಹೆಸರೂ ಕೇಳ್ಲಿಲ್ಲ."

ಟೆಂಟಿನೊಳಗಿಂದ ಯಾರೋ ಹಾಡುವುದು, ಜನ ಸಿಳ್ಳೆ ಹಾಕುವುದು ಕೇಳುತ್ತಿತ್ತು. ಅವನು ಸುಳ್ಳು ಹೇಳಿದ್ದರೆ ಶ್ಯಾಮಲಳಿಗೆ ಸುಲಭವಾಗಿತ್ತು, ಜಗಳವಾಡಬಹುದಿತ್ತು. ಅವನು ನಿಜ ಹೇಳಿ ಕೂತುಬಿಟ್ಟಿದ್ದ.

"ದಿಲ್ಲೀಲಿ ಬಾಡಿಗೆಗೆ ಒಂದು ರೂಮು ಸಿಗಲ್ವಾ?" ಎಂದಳು.

"ಸಿಗುತ್ತೆ. ಒಂದೇ ರೂಮು. ನಲ್ಲಿ ಆರು ಮನೆಗೆ ಒಂದು. ನೀನು ಬರಲ್ಲ ಅಂದ್ಯಲ್ಲ."

"ಬರ್ತೀನಿ."

"ನಾನು ಹೇಳಿದ್ದು ಕೇಳಿದ ಮೇಲೂ?"

"ಕೇಳಿದ್ದಕ್ಕೇ. ಇಲ್ಲಿದ್ರೆ ನೀವು ಯಾರನ್ನ ನೋಡಿದ್ರಿ ಅಂತ ಎರಡು ತಿಂಗಳು ತಡವಾಗಿ ಗೊತ್ತಾಗುತ್ತೆ ನನಗೆ. ಅದೂ ಟಿಕೆಟ್ಟು ತಗೊಂಡು."

"ಅಲ್ಲಿದ್ರೂ ನಾನು ಗಡಿಗೆ ಹೋಗ್ತಿರ್ತೀನಿ ಕಣೇ."

"ಹೋಗಿ. ಬಂದ ದಿನವೇ ಕೇಳ್ತೀನಿ," ಎಂದು ಅವನ ಕೈಯಲ್ಲಿದ್ದ ಕಡಲೆಬೀಜ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

ಮನೆಯಲ್ಲಿ ಹೇಳುವುದು ಇದಕ್ಕಿಂತ ಕಷ್ಟವಾಗಿತ್ತು. ಚನ್ನಕೇಶವ ಅಣ್ಣನಿಗೆ ತೇಪೆಯ ಕತೆ ಹೇಳಿದ. ನರಸಿಂಹಪ್ಪ, ಹಾಗಾದರೆ ಸರಿ, ತಪ್ಪು ತಿಳಿದೆವು ಎಂದ. ರಾಮಲಕ್ಷ್ಮಮ್ಮ ಮಧ್ಯಾಹ್ನದವರೆಗೆ ನಕ್ಕಳು, ಮೇಕೆಯ ವಿಷಯ ಬೀದಿಯ ಕೊನೆಯ ಮನೆವರೆಗೂ ಮುಟ್ಟಿಸಿ ಬಂದಳು. ನಾಡಿದ್ದು ಶ್ಯಾಮಲ ದಿಲ್ಲಿಗೆ ಹೊರಡುತ್ತಾಳೆ ಎಂದು ತಿಳಿದ ಮೇಲೆ ನಗು ಕಡಿಮೆಯಾಯಿತು. ಹೊಸ ಮೊಟ್ಟೆ ಒಡೆದು ಮರಿಹುಳು ಬಂದು ನಾಲ್ಕು ದಿನವಾಗಿದೆ, ಇಷ್ಟು ತಟ್ಟೆಗೆ ನಾನೊಬ್ಬಳೇ ಹೇಗೆ ಸೊಪ್ಪು ಹಾಕಲಿ ಎಂದು ಪಾತ್ರೆಗಳ ಜೊತೆ ಮಾತಾಡಿದಳು.

ಸಂಜೆ ಅಕ್ಕಯ್ಯಮ್ಮ ಹುಳುಮನೆಯ ಮುಂದೆ ಮಣೆ ಹಾಕಿಕೊಂಡು ಸೊಪ್ಪು ಹೆಚ್ಚುತ್ತಿದ್ದಳು. ಮರಿಹುಳುವಿಗೆ ದಾರದಷ್ಟು ಸಣ್ಣಗೆ ಹೆಚ್ಚಬೇಕು. ಶ್ಯಾಮಲ ಹೋಗಿ, ಎರಡು ಮಾರು ದೂರದಲ್ಲಿ ನಿಂತು, ಹೋಗಿ ಬರಲಾ ಅತ್ತೆ ಎಂದು ಕೇಳಿದಳು.

"ನನ್ನ ಕೇಳ್ತೀಯಲ್ಲ," ಎಂದಳು ಅಕ್ಕಯ್ಯಮ್ಮ, ಕತ್ತಿ ನಿಲ್ಲಿಸದೆ. "ಹೆತ್ತೋಳು ನಾನು. ಅವನು ಮನೆ ಬಿಟ್ಟು ಆರು ವರ್ಷ. ಎಲ್ಲಾ ಸೇರಿಸಿದ್ರೂ ಮೂರು ತಿಂಗಳು ನೋಡಿಲ್ಲ ಅವನ್ನ. ಅದ್ರಲ್ಲೂ ಅರ್ಧ ಅವನು ಮಲಗಿರ್ತಾನೆ. ನೀನು ಹೋಗ್ತೀಯ, ಅವನು ಬಂದಾಗಲೆಲ್ಲ ನೋಡ್ತೀಯ, ಎದ್ದಾಗ ನೋಡ್ತೀಯ, ಉಣ್ಣುವಾಗ ನೋಡ್ತೀಯ. ನನಗೆ ಹೊಟ್ಟೆ ಉರಿಯಲ್ವೇನೇ?"

ಸಮಾಧಾನದ ಮಾತು ನೂರಿದ್ದವು. ಕಾಗದ ಬರೆಯುತ್ತೇವೆ, ಹಬ್ಬಕ್ಕೆ ಬರುತ್ತೇವೆ, ನೀವೂ ಒಂದು ಸಲ ಬನ್ನಿ. ಶ್ಯಾಮಲ ಅದ್ಯಾವುದನ್ನೂ ಆಡಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಕೂತಳು.

"ಉರಿಯುತ್ತೆ ಅತ್ತೆ," ಎಂದಳು.

ಅಕ್ಕಯ್ಯಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಸೊಪ್ಪಿನ ಮಂಕರಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿ, ಕೈ ತೊಳೆದುಕೊಂಡು ಬಾ, ಇದಿಷ್ಟು ಹೆಚ್ಚಿ ಕೊಟ್ಟು ಹೋಗು ಎಂದಳು.